ಕರಡಿ ಮರಿಗೆ ಧ್ವನಿ ಕೊಟ್ಟ ಕುಸುಮಾ

ಹೋದ ವರ್ಷ ಜನವರಿಯಲ್ಲಿ ಜ್ವರ ಬಂದು ಬಸವೇಶ್ವರನಗರದ ಒಂದು ಸಣ್ಣ ಕ್ಲಿನಿಕ್ಕಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದೆ. "ಹದಿನಾಲ್ಕನೇ ಟೋಕನ್ ಯಾರು? ಒಳಗೆ ಹೋಗಿ" ಎಂದು ಒಬ್ಬ ಹುಡುಗ ಕೂಗಿದ್ದು ಕೇಳಿಸಿತು. ಎಂಟೊಂಬತ್ತು ವರ್ಷದ ಹುಡುಗನ ಧ್ವನಿ. ಡಾಕ್ಟರ ಮಗನಿರಬೇಕು, ಶಾಲೆಗೆ ರಜೆಯಿರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಅದೇ ಧ್ವನಿ, "ಅಜ್ಜಿ, ಬಿ.ಪಿ. ಮಾತ್ರೆ ತಗೊಂಡು ಬಂದ್ರಾ?" ಎಂದು ಕೇಳಿತು. ಕಣ್ಣು ಬಿಟ್ಟು ನೋಡಿದೆ. ಹುಡುಗ ಎಲ್ಲೂ ಇರಲಿಲ್ಲ. ಕೌಂಟರಿನ ಹಿಂದೆ ಕಂದು ಸ್ವೆಟರು ಹಾಕಿಕೊಂಡ, ನಲವತ್ತು ದಾಟಿದ ಹೆಂಗಸೊಬ್ಬಳು ರಿಜಿಸ್ಟರಿನಲ್ಲಿ ಬರೆಯುತ್ತಿದ್ದಳು. ಅವಳೇ ಕುಸುಮಾ.

ನನ್ನ ಹೆಸರು ಶಿಲ್ಪಾ. ಚಂದ್ರಾ ಲೇಔಟಿನಲ್ಲಿ ಮನೆ. ಬೇರೆ ಭಾಷೆಯ ಸಿನಿಮಾ, ಕಾರ್ಟೂನುಗಳಿಗೆ ಕನ್ನಡದಲ್ಲಿ ಮಾತು ಬರೆಯುವುದು ನನ್ನ ಕೆಲಸ. ಆಗ ಕೈಯಲ್ಲಿದ್ದದ್ದು ಕರಡಿಗಳದೊಂದು ಕಾರ್ಟೂನು ಸಿನಿಮಾ. ಹಿಮದ ಬೆಟ್ಟಗಳ ನಡುವೆ ಕರಡಿಗಳ ರಾಜ್ಯ. ಬೆಟ್ಟದ ಹಿಮ ಕುಸಿದು ಅರಸ ಸಾಯುತ್ತಾನೆ. ಈ ಮರಿ ಹುಟ್ಟಿದ ಮೇಲೆಯೇ ರಾಜ್ಯಕ್ಕೆ ಕೇಡು ಶುರುವಾಯಿತೆಂದು ನರಿ ಮಂತ್ರಿ ಎಲ್ಲರನ್ನೂ ನಂಬಿಸಿ, ಅರಸನ ಮರಿಯನ್ನು ಹೊಳೆಯಾಚೆಗೆ ಅಟ್ಟುತ್ತಾನೆ. ಮರಿ ಅಲ್ಲಿ ಬೆಳೆದು ದೊಡ್ಡದಾಗಿ ಹಿಂತಿರುಗಿ, ನರಿಯನ್ನು ಓಡಿಸಿ, ಅಪ್ಪ ಕೂರುತ್ತಿದ್ದ ಬಂಡೆಯ ಮೇಲೆ ಕೂರುತ್ತದೆ. ಮರಿಯ ಮೂಲದ ಹೆಸರು ಕನ್ನಡದ ನಾಲಿಗೆಗೆ ಹೊರಳುತ್ತಿರಲಿಲ್ಲ. ನಾನು ಜಾಂಬು ಎಂದು ಹೆಸರಿಟ್ಟಿದ್ದೆ.

ಜಾಂಬುವಿನ ಧ್ವನಿಗೆ ಆರಿಸಿದ್ದ ಹುಡುಗನಿಗೆ ಅರ್ಧ ಕೆಲಸದಲ್ಲಿ ಧ್ವನಿ ಒಡೆದುಹೋಗಿತ್ತು. ಡಬ್ಬಿಂಗ್ ಮಾಡಿಸುತ್ತಿದ್ದ ಮಧ್ವೇಶ್ ಹನ್ನೊಂದು ಮಕ್ಕಳನ್ನು ಕರೆಸಿ ನೋಡಿದ್ದ. ಹೆಚ್ಚಿನವರಿಗೆ ಕನ್ನಡ ಸಲೀಸಾಗಿ ಬರುತ್ತಿರಲಿಲ್ಲ, ಬಂದವರಿಗೆ ಅಳು ಬರುತ್ತಿರಲಿಲ್ಲ. ನಾನು ಔಷಧಿ ಚೀಟಿ ತೆಗೆದುಕೊಂಡು ಹೊರಗೆ ಬಂದು ಕೌಂಟರಿನ ಮುಂದೆ ನಿಂತೆ. "ನಿಮ್ಮ ವಾಯ್ಸು ಯಾವಾಗ್ಲೂ ಹೀಗೇನಾ?" ಎಂದು ಕೇಳಿದೆ.

ಅವಳಿಗೆ ಸಿಟ್ಟು ಬಂತು. "ಹೂಂ ಮೇಡಂ. ಜ್ವರ ಕಮ್ಮಿ ಆಗ್ಲಿಲ್ಲಾಂದ್ರೆ ಮೂರು ದಿನ ಬಿಟ್ಟು ಬನ್ನಿ" ಎಂದು ಮುಖ ತಿರುಗಿಸಿಕೊಂಡಳು.

ಆ ಸಿಟ್ಟಿಗೆ ಕಾರಣವಿತ್ತು. ಕುಸುಮಾ ಹೇರೋಹಳ್ಳಿಯವಳು. ತಂದೆ ದೊಡ್ಡಹನುಮಯ್ಯನವರಿಗೆ ಅಲ್ಲಿ ರಾಗಿ ಹೊಲವಿತ್ತು, ಆಮೇಲೆ ಅದು ಸೈಟುಗಳಾಯಿತು. ಮೂವರು ಹೆಣ್ಣುಮಕ್ಕಳಲ್ಲಿ ಇವಳು ಕೊನೆಯವಳು. ಇವಳ ಮೈ ಬೆಳೆಯಿತು, ಧ್ವನಿ ಮಾತ್ರ ಎಂಟು ವರ್ಷದ್ದೇ ಉಳಿಯಿತು. ತಾಯಿ ಇಂದ್ರಮ್ಮ ಡಾಕ್ಟರಿಗೆ ತೋರಿಸಿದರು, ಜೇನುತುಪ್ಪ, ಕಾಳುಮೆಣಸು ತಿನ್ನಿಸಿದರು, ಏನೂ ಆಗಲಿಲ್ಲ. ಕಾಲೇಜಿನಲ್ಲಿ ಅವಳು ಎದ್ದು ನಿಂತು ಉತ್ತರ ಹೇಳಿದರೆ ಹಿಂದಿನ ಬೆಂಚಿನವರು ನಗುತ್ತಿದ್ದರು. ಬ್ಯಾಂಕಿನವರು ಫೋನ್ ಮಾಡಿದರೆ ಈಗಲೂ "ಮರಿ, ಅಮ್ಮಂಗೆ ಕೊಡು" ಅನ್ನುತ್ತಾರೆ.

ಅವಳನ್ನು ನೋಡಲು ಬಂದ ನಾಲ್ಕು ಗಂಡುಗಳು ಧ್ವನಿ ಕೇಳಿ ಬೇಡವೆಂದರು. ಐದನೆಯವನು ಮಂಜುನಾಥ್. ವಿಜಯನಗರದಲ್ಲಿ ಸ್ಕೂಟರು, ಬೈಕು ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ. ಅವನ ತಾಯಿ ಅಂಜನಮ್ಮ, "ಈಗ ಹುಡುಗಿ ಮಾತಾಡಿದ್ಲಾ, ಒಳಗೆ ಯಾವ್ದಾದ್ರೂ ಮಗು ಮಾತಾಡ್ತಾ?" ಎಂದು ಎಲ್ಲರ ಮುಂದೆಯೇ ಕೇಳಿಬಿಟ್ಟರು. ಕುಸುಮಾ ತಲೆ ತಗ್ಗಿಸಿದಳು. ಹೊರಡುವಾಗ ಮಂಜುನಾಥ್ ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ಹಿಂದುಳಿದು, "ನೀವು ಮಾತಾಡ್ತಾ ಇರಿ. ನಂಗೆ ಇಷ್ಟ ಆಯ್ತು" ಎಂದು ಹೇಳಿ ಹೋದ. ಮದುವೆಯಾದ ಮೇಲೆ ಮಧ್ಯಾಹ್ನ ಅಂಗಡಿಯಿಂದ ಫೋನ್ ಮಾಡಿ, "ಏನಿಲ್ಲ, ಸುಮ್ನೆ ಮಾತಾಡು" ಅನ್ನುತ್ತಿದ್ದನಂತೆ.

ಮಗ ಹುಟ್ಟಿದ. ದರ್ಶನ್ ಎಂದು ಹೆಸರಿಟ್ಟರು. ಅವನಿಗೆ ಏಳು ತುಂಬುವ ಹೊತ್ತಿಗೆ ತಾಯಿ ಮಗನ ಧ್ವನಿ ಒಂದೇ ಆಗಿಬಿಟ್ಟಿತ್ತು. ಮಂಜುನಾಥ್ ಫೋನ್ ಮಾಡಿದರೆ ಮಗ ಎತ್ತಿಕೊಂಡು, "ರೀ, ಬರ್ತಾ ತೆಂಗಿನಕಾಯಿ ತಗೊಂಡ್ಬನ್ನಿ" ಅನ್ನುತ್ತಿದ್ದ. ಅವನು ಹೂಂ ಎಂದು ತಂದೂಬಿಡುತ್ತಿದ್ದ. ಮನೆಗೆ ಬಂದರೆ ತಾಯಿ ಮಗ ಇಬ್ಬರೂ ಬಾಗಿಲ ಹಿಂದೆ ನಗುತ್ತಾ ನಿಂತಿರುತ್ತಿದ್ದರು. "ಒಂದಿನ ನಿಮ್ಮಿಬ್ಬರನ್ನೂ ಗುರುತು ಹಿಡಿಯೋದು ಕಲಿತೀನಿ ನೋಡ್ತಾ ಇರಿ" ಎಂದು ಅವನು ಗದರಿಸುತ್ತಿದ್ದ.

ದರ್ಶನ್‌ಗೆ ಒಂದು ಅಭ್ಯಾಸವಿತ್ತು. ಅಪ್ಪನಿಂದ ಏನಾದರೂ ಬೇಕಾದರೆ ನೇರವಾಗಿ ಕೇಳುತ್ತಿರಲಿಲ್ಲ. ಮೊದಲು ಒಂದು ಸಣ್ಣ ಉಸಿರು ಒಳಗೆಳೆದು, "ಅಪ್ಪಾ, ಒಂದ್ ಮಾತು" ಅನ್ನುತ್ತಿದ್ದ. ಆಮೇಲೆ ಸೈಕಲ್ಲೋ, ಪಾನಿಪೂರಿಯೋ, ಅಂಗಡಿಗೆ ಬಂದು ಸ್ಪಾನರು ಹಿಡಿಯುವ ಅಪ್ಪಣೆಯೋ.

ಎರಡು ಸಾವಿರದ ಹದಿನೇಳರ ಮಳೆಗಾಲದಲ್ಲಿ ಹುಡುಗನಿಗೆ ಡೆಂಗಿ ಬಂತು. ಸೋಮವಾರ ಜ್ವರ, ಗುರುವಾರ ಆಸ್ಪತ್ರೆ, ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿಬಿಟ್ಟ. ಒಂಬತ್ತು ವರ್ಷ ತುಂಬಿ ಎರಡು ತಿಂಗಳಾಗಿತ್ತು.

ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮಾರನೆಯ ದಿನ ಕುಸುಮಾ ಅಡುಗೆಮನೆಯಿಂದ, "ಊಟಕ್ಕೆ ಬನ್ನಿ" ಎಂದು ಕರೆದಳು. ಮಲಗಿದ್ದ ಮಂಜುನಾಥ್ ದಡಬಡಿಸಿ ಎದ್ದು ಓಡಿಬಂದ. ಅವನ ಮುಖದ ಮೇಲೆ ನಗುವಿತ್ತು. ಒಲೆಯ ಮುಂದೆ ಹೆಂಡತಿ ಒಬ್ಬಳೇ ನಿಂತಿದ್ದನ್ನು ನೋಡಿ ಅಲ್ಲೇ ಹೊಸಿಲ ಮೇಲೆ ಕುಸಿದು ಕೂತ. ಅನ್ನ ಆರಿ ತಣ್ಣಗಾಗುವ ತನಕ ಕೂತೇ ಇದ್ದ.

ಅವತ್ತಿನಿಂದ ಅವಳು ಮನೆಯಲ್ಲಿ ಧ್ವನಿ ಬದಲಾಯಿಸಿದಳು. ಗಂಟಲನ್ನು ಕೆಳಕ್ಕೆ ಒತ್ತಿ, ಅರ್ಧ ಪಿಸುಮಾತಿನಲ್ಲಿ, ಬೇಕಾದಷ್ಟೇ ಮಾತು. ಕಾಫಿ ಇಟ್ಟಿದೀನಿ. ಗ್ಯಾಸ್ ಬಂತು. ಅಮ್ಮ ಫೋನ್ ಮಾಡಿದ್ರು. ಗಂಡ ಯಾಕೆಂದು ಕೇಳಲಿಲ್ಲ. ಹುಡುಗನ ಮಾತು ಇಬ್ಬರೂ ಎತ್ತಲಿಲ್ಲ. ಹೀಗೆ ಎಂಟು ವರ್ಷ. ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದ್ದೇ ದಿನಕ್ಕೆ ಒಂದಿಷ್ಟು ಹೊತ್ತಾದರೂ ಬಾಯಿ ಬಿಟ್ಟು ಮಾತಾಡಬಹುದು ಎಂದು. ಇದನ್ನೆಲ್ಲ ಅವಳು ನನಗೆ ಹೇಳಿದ್ದು ಆಮೇಲೆ, ಒಂದೊಂದು ದಿನ ಒಂದೊಂದು ತುಣುಕಾಗಿ. ಮೊದಲೇ ಗೊತ್ತಿದ್ದರೆ ಅವಳನ್ನು ಕರೆಯುತ್ತಿದ್ದೆನೋ ಇಲ್ಲವೋ, ನನಗೇ ತಿಳಿಯದು.

ಮೂರು ದಿನ ಬಿಟ್ಟು ಮತ್ತೆ ಕ್ಲಿನಿಕ್ಕಿಗೆ ಹೋದೆ. ಜ್ವರ ಬಿಟ್ಟಿತ್ತು. "ನಿಮ್ಮನ್ನ ಆಡಿಕೊಳ್ಳೋಕೆ ಕೇಳಿದ್ದಲ್ಲ" ಎಂದು ವಿಷಯ ಹೇಳಿದೆ.

"ಕರಡಿಗಾ?" ಎಂದು ಕೇಳಿದಳು.

"ಕರಡಿ ಮರಿಗೆ. ರಾಜನ ಮಗ."

ಅವಳಿಗೆ ನಗು ಬಂತು. ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆ ನಗುವೂ ಹುಡುಗನದೇ. ಕ್ಲಿನಿಕ್ಕು ಮಧ್ಯಾಹ್ನ ಒಂದರಿಂದ ಐದರವರೆಗೆ ಮುಚ್ಚಿರುತ್ತದೆ, ಆ ಹೊತ್ತಿನಲ್ಲಿ ಬರುತ್ತೇನೆಂದಳು. ಗಂಡನಿಗೆ ಹೇಳುವುದು ಬೇಡ ಎಂದಳು. ಯಾಕೆಂದು ನಾನು ಕೇಳಲಿಲ್ಲ.

ಸ್ಟುಡಿಯೋ ಇದ್ದದ್ದು ರಾಜಾಜಿನಗರದ ಒಂದು ಮನೆಯ ನೆಲಮಾಳಿಗೆಯಲ್ಲಿ. ಗಾಜಿನ ಆಚೆ ಸಣ್ಣ ಕೋಣೆ, ಒಂದು ಮೈಕು, ಪರದೆ. ಮಧ್ವೇಶ್ ಅವಳ ಕಿವಿಗೆ ಹೆಡ್‌ಫೋನ್ ಹಾಕಿ, ಪರದೆಯಲ್ಲಿ ಮರಿ ಬಾಯಿ ತೆರೆದಾಗ ತೆರೆಯಬೇಕು, ಮುಚ್ಚಿದಾಗ ಮುಚ್ಚಬೇಕು ಎಂದು ವಿವರಿಸಿದ. ಮೊದಲ ದಿನ ಒಂದು ವಾಕ್ಯಕ್ಕೆ ಇಪ್ಪತ್ತು ಟೇಕ್ ಆಯಿತು. ಎರಡನೇ ದಿನ ಆರು. ಮೂರನೇ ದಿನ ಜಾಂಬು ಹಿಮದಲ್ಲಿ ಓಡುವ ದೃಶ್ಯ. ಅವಳು ಚಪ್ಪಲಿ ಬಿಟ್ಟು, ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನಿಂತಲ್ಲೇ ಓಡುತ್ತಾ ಏದುಸಿರು ಬಿಟ್ಟು ಮಾತಾಡಿದಳು. ಮಧ್ವೇಶ್ ನನ್ನ ಕಡೆ ತಿರುಗಿ, "ಎಲ್ಲಿಂದ ಹಿಡ್ಕೊಂಡು ಬಂದ್ರಿ ಇವರನ್ನ?" ಅಂದ.

ಕೆಲಸ ಮುಗಿದ ಮೇಲೆ ಇಬ್ಬರೂ ಪಕ್ಕದ ದರ್ಶಿನಿಯಲ್ಲಿ ನಿಂತು ಖಾಲಿ ದೋಸೆ ತಿನ್ನುತ್ತಿದ್ದೆವು. ಅವಳು ನನ್ನನ್ನು ಮೇಡಂ ಅನ್ನುವುದು ಬಿಟ್ಟು ಅಕ್ಕ ಅನ್ನತೊಡಗಿದ್ದಳು. ಮಾತೇ ಮಾತು. ಕ್ಲಿನಿಕ್ಕಿಗೆ ಬರುವ ಮುದುಕರ ಅನುಕರಣೆ ಮಾಡಿ ತೋರಿಸುತ್ತಿದ್ದಳು. ಪಕ್ಕದಲ್ಲಿ ತಿನ್ನುತ್ತಿದ್ದವರು ತಿರುಗಿ ನೋಡಿದರೂ ಈಗ ಅವಳಿಗೆ ಲೆಕ್ಕವಿರಲಿಲ್ಲ.

ಆರನೇ ದಿನ ಅರಸ ಸಾಯುವ ದೃಶ್ಯ ಬಂತು. ಹಿಮ ಕುಸಿದು ನಿಂತ ಮೇಲೆ ಮರಿ ಅಪ್ಪನನ್ನು ಹುಡುಕಿಕೊಂಡು ಬರುತ್ತದೆ. ಮೂತಿಯಿಂದ ತಿವಿದು ಎಬ್ಬಿಸಲು ನೋಡುತ್ತದೆ, ಏಳದಿದ್ದಾಗ ಅಪ್ಪನ ರೋಮದೊಳಗೆ ಮುಖ ಹುದುಗಿಸುತ್ತದೆ. ನಾನು ಬರೆದಿದ್ದದ್ದು ಎರಡೇ ಮಾತು. "ಅಪ್ಪಾ, ಏಳು. ಚಳಿ ಆಗ್ತಿದೆ." ಅದನ್ನು ಅವಳು ಚೆನ್ನಾಗಿಯೇ ಹೇಳಿದಳು. ಮರಿ ಮುಖ ಹುದುಗಿಸಿತು. ಅಲ್ಲಿಗೆ ಮಾತು ಮುಗಿದಿತ್ತು, ಮಧ್ವೇಶ್ ನಿಲ್ಲಿಸಬೇಕೆಂದು ಕೈ ಎತ್ತಿದ್ದ. ಆಗ ನಮ್ಮ ಹೆಡ್‌ಫೋನಿನಲ್ಲಿ ಒಂದು ಸಣ್ಣ ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು.

"ಅಪ್ಪಾ, ಒಂದ್ ಮಾತು."

ಮತ್ತೊಮ್ಮೆ, ಇನ್ನೂ ಮೆಲ್ಲಗೆ, "ಅಪ್ಪಾ, ಒಂದೇ ಒಂದ್ ಮಾತು."

ಮಧ್ವೇಶ್ ಎತ್ತಿದ ಕೈ ಇಳಿಸಲಿಲ್ಲ. ಆ ದೃಶ್ಯದಲ್ಲಿ ಮರಿಯ ಬಾಯಿ ಕಾಣುವುದಿಲ್ಲ, ಹಾಗಾಗಿ ಹೆಚ್ಚಿನ ಮಾತು ಸೇರಿದರೂ ಹೊಂದುತ್ತದೆ. "ಇದನ್ನ ಇಟ್ಕೊಳ್ಳೋಣ ಮೇಡಂ. ನೀವು ಬರೆದದ್ದಕ್ಕಿಂತ ಚೆನ್ನಾಗಿದೆ" ಎಂದು ಮಧ್ವೇಶ್ ಕೊನೆಗೆ ಹೇಳಿದ. ಕುಸುಮಾ ಗಾಜಿನ ಬಾಗಿಲು ತೆಗೆದುಕೊಂಡು, ಯಾರನ್ನೂ ನೋಡದೆ ಮೆಟ್ಟಿಲು ಹತ್ತಿ ಹೊರಗೆ ಹೋದಳು.

ಹಿಂದೆಯೇ ಹೋದೆ. ಮೆಟ್ಟಿಲ ಮೇಲೆ ಕೂತು ದರ್ಶನ್ ಬಗ್ಗೆ ಮೊದಲ ಸಲ ಹೇಳಿದಳು. ಅಳಲಿಲ್ಲ. "ನಾನಾಗೇ ಹೇಳಿದ್ದಲ್ಲ ಅಕ್ಕ, ಅದಾಗೇ ಬಂದ್ಬಿಡ್ತು" ಎಂದಳು.

"ತೆಗೆಸಿಬಿಡೋಣ. ಮಧ್ವೇಶ್‌ಗೆ ನಾನು ಹೇಳ್ತೀನಿ" ಎಂದೆ.

ಅವಳು ನನ್ನ ಕೈ ಹಿಡಿದಳು. "ಬೇಡ. ಇರ್ಲಿ. ಎಲ್ಲಾದ್ರೂ ಒಂದ್ ಕಡೆ ಇರ್ಲಿ ಅದು."

ಎರಡು ದಿನದ ನಂತರ ಅವಳ ಭಾಗ ಮುಗಿಯಿತು. ಜಾಂಬು ಒಂಟಿಯಾಗಿ ಹೊಳೆ ದಾಟುತ್ತಾನೆ, ಹಾಡು ಶುರುವಾಗುತ್ತದೆ. ಹಿಮದ ಮೇಲೆ ಮೂಡುವ ಹೆಜ್ಜೆಗುರುತುಗಳು ನೋಡುತ್ತಾ ನೋಡುತ್ತಾ ದೊಡ್ಡವಾಗುತ್ತವೆ. ಹಾಡಿನ ಕೊನೆಗೆ ತಲೆ ಎತ್ತುವುದು ಬೆಳೆದ ಗಂಡು ಕರಡಿ. ಮಧ್ವೇಶ್ ಕಾಗದ ಮಡಚುತ್ತಾ, "ಇಲ್ಲಿಗೆ ನಿಮ್ಮದು ಮುಗೀತು ಮೇಡಂ. ಇನ್ಮೇಲೆ ಬೇರೆ ವಾಯ್ಸು" ಅಂದ.

ಅವಳು ಪರದೆಯನ್ನೇ ನೋಡುತ್ತಿದ್ದಳು. "ಒಂದ್ ಹಾಡಲ್ಲಿ ದೊಡ್ಡವನಾಗ್ಬಿಟ್ನಾ?" ಎಂದಳು.

ದೊಡ್ಡ ಜಾಂಬುವಿಗೆ ಧ್ವನಿ ಕೊಡುತ್ತಿದ್ದವನು ಫಕೀರೇಶ. ಗದಗದ ಕಡೆಯ ಹುಡುಗ, ಹತ್ತೊಂಬತ್ತು ವರ್ಷ, ಕೆಂಗೇರಿಯಲ್ಲಿ ಗೆಳೆಯರ ಜೊತೆ ರೂಮು ಮಾಡಿಕೊಂಡು ಓದುತ್ತಿದ್ದ. ಕುಸುಮಾ ಅವನ ರೆಕಾರ್ಡಿಂಗ್ ನೋಡಬಹುದಾ ಎಂದು ಕೇಳಿದಳು. ಕೆಲಸವಿಲ್ಲದಿದ್ದರೂ ಪ್ರತಿ ಮಧ್ಯಾಹ್ನ ಬಂದು ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರತೊಡಗಿದಳು. ಅವನಿಗೆಂದು ಡಬ್ಬಿಯಲ್ಲಿ ಚಿತ್ರಾನ್ನವನ್ನೋ ಮುದ್ದೆ ಬಸ್ಸಾರನ್ನೋ ತರುತ್ತಿದ್ದಳು. ಅವನು ಮುದ್ದೆಯನ್ನು ಅಗಿಯಲು ಹೋದಾಗ, "ನುಂಗಬೇಕು ಕಣೋ" ಎಂದು ಗದರಿಸಿದಳು.

"ಅಕ್ಕಾರ, ಈ ಮರಿ ದೊಡ್ಡಾವ ಆದ ಮ್ಯಾಲ ಹೆಂಗ ಮಾತಾಡ್ತಿದ್ದ ಅಂತೀರಿ?" ಎಂದು ಫಕೀರೇಶ ಒಂದು ದಿನ ಕೇಳಿದ. ಅವನಿಗೆ ಏನೂ ಗೊತ್ತಿರಲಿಲ್ಲ. ಪಾತ್ರದ ಬಗ್ಗೆ ಕೇಳಿದ್ದ ಅಷ್ಟೆ.

ಕುಸುಮಾ ಕೂಡಲೇ ಉತ್ತರ ಕೊಟ್ಟಳು, ಎಷ್ಟೋ ಸಲ ಯೋಚಿಸಿಟ್ಟವಳ ಹಾಗೆ. "ಜಾಸ್ತಿ ಮಾತಾಡಲ್ಲ. ಗಂಟಲು ಒಡೆದು ದಪ್ಪ ಆಗಿರುತ್ತೆ, ಅದಕ್ಕೆ ಅವನಿಗೇ ನಾಚಿಕೆ. ಅಪ್ಪನ ಥರ ಮಾತಾಡೋಕೆ ನೋಡ್ತಾನೆ. ಆದ್ರೆ ಸಿಟ್ಟು ಬಂದ್ರೆ ಮಾತ್ರ ಹಳೇ ವಾಯ್ಸು ಬಂದ್ಬಿಡುತ್ತೆ."

ಅವನು ಹಾಗೆಯೇ ಮಾಡಿದ. ಕೊನೆಯ ದೃಶ್ಯದಲ್ಲಿ ದೊಡ್ಡ ಜಾಂಬು ಬಂಡೆಯ ಮೇಲೆ ಕೂರುವ ಮೊದಲು, ಮುದಿಯಾದ ತಾಯಿ ಕರಡಿಯ ಮುಂದೆ ನಿಂತು, "ಅಮ್ಮ, ನಾನು ಬಂದೆ" ಅನ್ನಬೇಕು. ಫಕೀರೇಶ ದಪ್ಪ ಧ್ವನಿಯಲ್ಲಿ, ಸ್ವಲ್ಪ ನಾಚಿಕೊಂಡು ಅಂದ. ಕುಸುಮಾ ಕುರ್ಚಿಯ ಮೇಲೆಯೇ ಮುಂದಕ್ಕೆ ಬಗ್ಗಿ ಮೊಣಕಾಲಿಗೆ ಹಣೆ ಹಚ್ಚಿದಳು. ಹುಡುಗ ಗಾಬರಿಯಾಗಿ ಗಾಜಿನ ಆಚೆಯಿಂದ, "ತಪ್ಪಾತೇನ್ರೀ ಅಕ್ಕಾರ?" ಎಂದು ಕೇಳಿದ. ಅವಳು ತಲೆ ಎತ್ತದೆ ಕೈ ಮಾತ್ರ ಅಡ್ಡಡ್ಡ ಆಡಿಸಿದಳು. ಡಬ್ಬಿಯನ್ನು ಅಲ್ಲೇ ಬಿಟ್ಟು ಹೋದಳು. ಮಾರನೆಯ ದಿನದಿಂದ ಬರಲಿಲ್ಲ.

ಸಿನಿಮಾ ಬೇಸಿಗೆ ರಜೆಯಲ್ಲಿ ಬಿಡುಗಡೆಯಾಯಿತು. ಮಾಗಡಿ ರಸ್ತೆಯ ಕಡೆ ಒಂದೇ ಥಿಯೇಟರಿನಲ್ಲಿ ಕನ್ನಡದ ಅವತರಣಿಕೆ, ಅದೂ ಬೆಳಗಿನ ಆಟ ಮಾತ್ರ. ಮಂಜುನಾಥನ ತಂಗಿಯ ಮಗಳು ಕೀರ್ತನಾ ರಜೆಗೆಂದು ಬಂದಿದ್ದಳು, ಏಳು ವರ್ಷದವಳು, ಕರಡಿ ಸಿನಿಮಾ ನೋಡಲೇಬೇಕೆಂದು ಹಟ ಹಿಡಿದಿದ್ದಳು. ಕುಸುಮಾ ನನಗೆ ಫೋನ್ ಮಾಡಿ, "ಭಾನುವಾರ ಮೂರು ಜನಾನೂ ಹೋಗ್ತಾ ಇದೀವಿ" ಎಂದಳು.

"ಅವರಿಗೆ ಹೇಳಿದೀಯಾ?"

"ಇಲ್ಲ."

"ಹೇಳ್ಬಿಡೇ. ಅಲ್ಲಿ ಹೋಗಿ ಗೊತ್ತಾಗೋದು ಬೇಡ."

"ಹೇಳಿದ್ರೆ ಬರಲ್ಲ ಅಕ್ಕ. ಎಂಟು ವರ್ಷದಿಂದ ಅವನ ವಾಯ್ಸು ನಾನೊಬ್ಬಳೇ ಕೇಳಿಸ್ಕೊಂಡು ಇದೀನಿ. ಅವರೂ ಒಂದ್ಸಲ ಕೇಳ್ಲಿ."

ಮನಸ್ಸು ತಡೆಯದೆ ನಾನೂ ಹೋಗಿ ಅವರ ಎರಡು ಸಾಲು ಹಿಂದೆ ಕೂತೆ. ಥಿಯೇಟರಿನ ತುಂಬ ಮಕ್ಕಳು, ಪಾಪ್‌ಕಾರ್ನ್. ಜಾಂಬು ಪರದೆಯ ಮೇಲೆ ಮೊದಲ ಸಲ ಬಾಯಿ ಬಿಟ್ಟು, "ಇವತ್ತು ನಾನೇ ಮೊದಲು ಬಂಡೆ ಹತ್ತಿದ್ದು" ಎಂದ. ಮಂಜುನಾಥನ ತಲೆ ಥಟ್ಟನೆ ಹೆಂಡತಿಯ ಕಡೆ ತಿರುಗಿತು. ಅವಳು ಮುಂದೆಯೇ ನೋಡುತ್ತಿದ್ದಳು. ಅವನು ಏನೋ ಕೇಳಿದ, ಅವಳು ಹೌದೆಂದು ತಲೆ ಆಡಿಸಿದಳು. ಅವನು ಎದ್ದು ಹೋಗಬಹುದು ಅಂದುಕೊಂಡೆ, ಹೋಗಲಿಲ್ಲ. ಮರಿಯ ತುಂಟತನಕ್ಕೆ ಮಕ್ಕಳೆಲ್ಲ ನಕ್ಕಾಗ ಅವನ ಭುಜವೂ ಒಂದೆರಡು ಸಲ ಅಲುಗಿದ್ದನ್ನು ಕಂಡೆ.

ಆಮೇಲೆ ಹಿಮ ಕುಸಿಯಿತು. ಮರಿ ಅಪ್ಪನ ರೋಮದಲ್ಲಿ ಮುಖ ಹುದುಗಿಸಿತು. ಆ ಸಣ್ಣ ಉಸಿರು. "ಅಪ್ಪಾ, ಒಂದ್ ಮಾತು."

ಮಂಜುನಾಥ್ ಎದ್ದು ನಿಂತ. ಹಿಂದಿನವರು, "ಸಾರ್, ಕೂತ್ಕೊಳಿ" ಎಂದು ಕೂಗಿದರು. ಅವನು ಪಕ್ಕದವರ ಕಾಲು ತುಳಿದುಕೊಂಡು, ಸಾಲು ದಾಟಿ, ಕತ್ತಲಲ್ಲಿ ಬಾಗಿಲು ಹುಡುಕಿಕೊಂಡು ಹೊರಟ. ಕೀರ್ತನಾ "ಮಾವ ಎಲ್ಲಿಗೆ?" ಎಂದಳು. ಕುಸುಮಾ ಮಗುವನ್ನು ಮಡಿಲಿಗೆಳೆದುಕೊಂಡು ಅಲ್ಲೇ ಕೂತಳು.

ನಾನು ಹೊರಗೆ ಹೋದೆ. ಪಾರ್ಕಿಂಗಿನಲ್ಲಿ ತನ್ನ ಬೈಕಿನ ಪಕ್ಕ ನೆಲದ ಮೇಲೆ ಕೂತಿದ್ದ. ನಾನು ಯಾರೆಂದು ಹೇಳಿದೆ.

"ಆ ಮಾತು ನೀವು ಬರೆದಿದ್ದಾ?" ಎಂದು ಕೇಳಿದ.

"ಇಲ್ಲ. ಅವಳೇ ಅಂದಿದ್ದು."

ಬೈಕಿನ ಚಕ್ರದ ಕಡ್ಡಿಗಳನ್ನು ಬೆರಳಿನಿಂದ ಸವರುತ್ತಾ ಇದ್ದ. "ಅವನ ವಾಯ್ಸು ಮರೆತುಬಿಟ್ಟಿದ್ದೆ ಮೇಡಂ. ಫೋಟೋ ಇದೆ, ಬಟ್ಟೆ ಇದೆ. ವಾಯ್ಸು ಮಾತ್ರ ಎಷ್ಟು ನೆನಪು ಮಾಡ್ಕೊಂಡ್ರೂ ಬರ್ತಿರ್ಲಿಲ್ಲ. ಮೊದಮೊದಲು ಅದಕ್ಕೂ ಅತ್ತಿದ್ದೆ. ಆಮೇಲೆ, ಮರೆತಿದ್ದಕ್ಕೇ ಅಂಗಡಿಗೆ ಹೋಗಿ ಬರೋಕೆ ಆಗ್ತಾ ಇದೆ ಅನ್ನಿಸ್ತು. ಈಗ ಹೇಗೆ ಹೋಗಲಿ ಹೇಳಿ?"

ನಾನು ಅವನ ಪಕ್ಕದಲ್ಲಿ ನಿಂತೆ, ಅಷ್ಟೆ.

ಮನೆಯಲ್ಲಿ ಅವನು ಜಗಳ ಮಾಡಲಿಲ್ಲ. ಹೆಂಡತಿಯ ಜೊತೆ ಇದ್ದ ನಾಲ್ಕು ಮಾತೂ ನಿಂತುಹೋಯಿತು. ಗುರುವಾರ ಫಕೀರೇಶ ನನಗೆ ಫೋನ್ ಮಾಡಿದ. ತನ್ನ ಮೊದಲ ಸಿನಿಮಾ ಎಂದು ದಿನವೂ ಯಾರಾದರೂ ಗೆಳೆಯರನ್ನು ಕರೆದುಕೊಂಡು ಹೋಗುತ್ತಿದ್ದ. "ಮೇಡಮ್ಮಾರ, ಒಬ್ರು ದಿನಾ ಬರಾಕತ್ತಾರ್ರಿ. ಅಂಗಿ ಮ್ಯಾಲ ಆಯಿಲ್ ಕಲೆ ಇರ್ತಾವ. ಹಾಡು ಚಾಲೂ ಆದ ಕೂಡ್ಲೇ ಎದ್ದು ಹೊಂಟುಬಿಡ್ತಾರ. ನನ್ ಧ್ವನಿ ಬರೋಕಿಂತ ಮೊದಲ" ಎಂದು ನಗುತ್ತಾ ಹೇಳಿದ. ಅವರು ಯಾರೆಂದು ನಾನು ಹೇಳಲಿಲ್ಲ.

ಕನ್ನಡದ ಆಟ ನಡೆದದ್ದು ಒಂದೇ ವಾರ. ಶುಕ್ರವಾರ ಆ ಪರದೆಗೆ ಬೇರೆ ಸಿನಿಮಾ ಬಂತು.

ಅವತ್ತು ಮಧ್ಯಾಹ್ನ ಕುಸುಮಾ ಕ್ಲಿನಿಕ್ಕಿನಿಂದ ಊಟಕ್ಕೆಂದು ಮನೆಗೆ ಬಂದಾಗ ಮಂಜುನಾಥ್ ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದ. ಅವನು ಆ ಹೊತ್ತಿಗೆ ಮನೆಯಲ್ಲಿರುವವನಲ್ಲ.

"ತೆಗೆದುಬಿಟ್ರು ಕಣೇ" ಎಂದ.

"ಏನನ್ನ?"

"ಸಿನಿಮಾನ."

ಆಗಲೇ ಅವಳಿಗೆ ಅವನು ವಾರವೆಲ್ಲ ಹೋಗಿದ್ದು ಗೊತ್ತಾದದ್ದು. ಅವಳೂ ಎದುರಿಗೆ ಕೂತಳು. ಅವನು, "ಒಂದ್ಸಲ ಕರಿ" ಅಂದ.

"ಬೇಡ ಕಣ್ರೀ."

"ಒಂದೇ ಸಲ. ಆಮೇಲೆ ಯಾವತ್ತೂ ಕೇಳಲ್ಲ."

ಅವಳು ಕಣ್ಣು ಮುಚ್ಚಿಕೊಂಡು, "ಅಪ್ಪಾ" ಎಂದು ಕರೆದಳು.

"ಏನ್ ಮಗನೇ?" ಅಂದ ಮಂಜುನಾಥ್. ಅವಳು ಕಣ್ಣು ಬಿಟ್ಟು ನೋಡಿದರೆ ಅವನು ಅವಳ ಕಡೆ ನೋಡುತ್ತಿರಲಿಲ್ಲ. ಬೀದಿ ಬಾಗಿಲ ಕಡೆ ನೋಡುತ್ತಿದ್ದ. ಕಾಯುತ್ತಿದ್ದ.

"ಮುಂದಕ್ಕೆ ಏನ್ ಹೇಳ್ಲಿ ಅಕ್ಕ ನಾನು?" ಎಂದು ಕುಸುಮಾ ನನಗೆ ಹೇಳುವಾಗ ಎರಡೂ ಕೈ ಬಿಚ್ಚಿ ತೋರಿಸಿದಳು. "ಸ್ಟುಡಿಯೋದಲ್ಲಾದ್ರೆ ನೀವು ಬರ್ಕೊಡ್ತಿದ್ರಿ. ಇಲ್ಲಿ ಏನ್ ಹೇಳ್ಲಿ? ಒಂಬತ್ತು ವರ್ಷದವನ ಮಾತು ಹೇಳ್ಲಾ, ಹದಿನೇಳು ವರ್ಷದವನ ಮಾತು ಹೇಳ್ಲಾ? ಅವರು ಮತ್ತೆ 'ಏನೋ, ಹೇಳೋ' ಅಂದ್ರು. ಬಾಗಿಲ ಕಡೇನೇ ನೋಡ್ಕೊಂಡು. ನಂಗೆ ಭಯ ಆಗ್ಹೋಯ್ತು."

ಅವಳು ಗಂಡನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. ಅದೇ ಧ್ವನಿಯಲ್ಲಿ, ಗಂಟಲು ಒತ್ತದೆ ಹೇಳಿದಳು. "ಸಾಕು ಕಣ್ರೀ. ಅವನಿಲ್ಲ. ಇದು ನನ್ ವಾಯ್ಸು. ನಾನು ಹುಟ್ಟಿದಾಗಿನಿಂದ ನಂದೇ. ನಿಮಗೋಸ್ಕರ ಎಂಟು ವರ್ಷ ಮುಚ್ಚಿಟ್ಕೊಂಡೆ. ಇನ್ನು ನನ್ ಕೈಲಿ ಆಗಲ್ಲ."

ಮಂಜುನಾಥ್ ಅವಳ ಕೈ ಬಿಡಿಸಿಕೊಂಡು ಎದ್ದ. ಸಂಜೆ ನಾಲ್ಕು ಜೊತೆ ಬಟ್ಟೆ ತೆಗೆದುಕೊಂಡು ತಾಯಿಯ ಮನೆಗೆ ಹೋದ. ಮೂರು ತಿಂಗಳು ಬರಲಿಲ್ಲ. ಅಂಜನಮ್ಮ ಫೋನ್ ಮಾಡಿ, "ಏನಂದ್ಯೇ ನನ್ ಮಗಂಗೆ?" ಎಂದು ಕೇಳಿದರು. ಕುಸುಮಾ, "ನಿಜ ಹೇಳ್ದೆ ಅತ್ತೆ" ಎಂದಳು. ಮುದುಕಿ ಫೋನ್ ಇಟ್ಟುಬಿಟ್ಟರು. ಆ ಮೂರು ತಿಂಗಳು ಖಾಲಿ ಮನೆಯಲ್ಲಿ ಕುಸುಮಾ ಜೋರಾಗಿ ಮಾತಾಡಿಕೊಂಡೇ ಅಡುಗೆ ಮಾಡಿದಳಂತೆ. ಒಬ್ಬಳಿಗೇ ಮಾಡಿಕೊಂಡದ್ದು ಎಷ್ಟೋ ದಿನ ತಿನ್ನಲಾಗಲಿಲ್ಲವಂತೆ.

ಗೌರಿ ಹಬ್ಬದ ಹಿಂದಿನ ದಿನ ಅವನು ವಾಪಸು ಬಂದ. ಬಟ್ಟೆ ಬೀರುವಿನಲ್ಲಿಟ್ಟು ಅಂಗಡಿಗೆ ಹೋದ. ಈಗ ಇಬ್ಬರೂ ಜೊತೆಯಲ್ಲಿದ್ದಾರೆ. ಕುಸುಮಾ ತನ್ನ ಧ್ವನಿಯಲ್ಲೇ ಮಾತಾಡುತ್ತಾಳೆ. ಕೆಲವು ದಿನ ಅವನು ಬೆಳಿಗ್ಗೆಯೇ, "ಇವತ್ತು ಬೇಡ ಕಣೇ" ಅನ್ನುತ್ತಾನೆ. ಅವತ್ತು ಅವಳು ಅವನ ಮುಂದೆ ಬಾಯಿ ಬಿಡುವುದಿಲ್ಲ. ಅಂಥ ದಿನಗಳು ಕಡಿಮೆಯಾಗುತ್ತಿವೆಯಾ ಎಂದು ಕೇಳಿದರೆ, "ಇಲ್ಲ ಅಕ್ಕ" ಎಂದಳು. ಮಧ್ವೇಶ್ ಬೇರೆ ಬೇರೆ ಕಾರ್ಟೂನಿಗೆ ಎರಡು ಸಲ ಕರೆದ. ಹುಡುಗರ ಪಾತ್ರ ಬೇಡವೆಂದಳು. ಅವಳ ಧ್ವನಿಗೆ ಸಿಗುವುದು ಹುಡುಗರ ಪಾತ್ರವೇ.

ಹೋದ ತಿಂಗಳು ನನ್ನ ಸ್ಕೂಟರಿನ ಬ್ರೇಕು ಸಡಿಲವಾಗಿತ್ತು. ಮಂಜುನಾಥನ ಅಂಗಡಿಗೆ ತೆಗೆದುಕೊಂಡು ಹೋದೆ. ಅವನು ಕುರ್ಚಿ ಹಾಕಿಕೊಟ್ಟು, ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ಕೆಲಸ ಶುರು ಮಾಡಿದ. ಆಮೇಲೆ ತಲೆ ಎತ್ತದೆ ಕೇಳಿದ.

"ಮೇಡಂ, ಆ ಮರಿ ಆಮೇಲೆ ಏನಾಗುತ್ತೆ?"

ಸಿನಿಮಾ ಫೋನಿಗೂ ಬಂದಿದೆ, ಕೀರ್ತನಾ ಬಂದಾಗಲೆಲ್ಲ ಹಾಕಿಕೊಂಡು ಕೂರುತ್ತಾಳೆ ಎಂದು ಕುಸುಮಾ ಹೇಳಿದ್ದಳು. ಅಷ್ಟಾದರೂ ಅವನು ಹಾಡಿನಿಂದ ಮುಂದಕ್ಕೆ ನೋಡಿರಲಿಲ್ಲ.

"ದೊಡ್ಡವನಾಗ್ತಾನೆ" ಎಂದೆ. "ವಾಪಸ್ ಬರ್ತಾನೆ. ನರಿಯನ್ನ ಓಡಿಸ್ತಾನೆ. ಅಪ್ಪ ಕೂರ್ತಿದ್ದ ಜಾಗದಲ್ಲಿ ಕೂರ್ತಾನೆ."

ಅವನು ಕೇಬಲ್ಲಿನ ತಿರುಪು ಬಿಗಿ ಮಾಡಿದ. ಚಕ್ರ ತಿರುಗಿಸಿ, ಬ್ರೇಕು ಒತ್ತಿ ನೋಡಿದ. "ದೊಡ್ಡವನಿಗೆ ವಾಯ್ಸು ಕೊಟ್ಟಿರೋದು ಯಾರು?"

"ಒಬ್ಬ ಹುಡುಗ. ಕೆಂಗೇರಿಲಿದಾನೆ. ಹತ್ತೊಂಬತ್ತು ವರ್ಷ."

"ಚೆನ್ನಾಗಿ ಮಾತಾಡ್ತಾನಾ?"

"ಚೆನ್ನಾಗಿ ಮಾತಾಡ್ತಾನೆ."

"ಹೂಂ" ಅಂದ. ಕೈಗೆ ಹತ್ತಿದ್ದ ಗ್ರೀಸನ್ನು ಹಳೇ ಬಟ್ಟೆಗೆ ಒರೆಸಿಕೊಂಡ, ಒರೆಸಿಯಾದ ಮೇಲೂ ಒರೆಸುತ್ತಲೇ ಇದ್ದ. ನಾನು ಸ್ಕೂಟರು ಹತ್ತಿ ಹೊರಟೆ.